ಗಂಜಿನ ಆ್ಯಪ್: ಟಿಎಲ್‌ಎಸ್ ಬಿಚ್ಚಿ ನೋಡಿದಾಗ

ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ (ದಲ್ಲಾಳಿ) ಅಂಗಡಿಯೊಂದು ತೊಗರಿ ತಂದ ರೈತರಿಗೆ ತೂಕಚೀಟಿ, ಪಟ್ಟಿ (ಮಾರಾಟದ ಲೆಕ್ಕಚೀಟಿ) ತೋರಿಸಲು ಆಂಡ್ರಾಯ್ಡ್ ಆ್ಯಪ್ ಮಾಡಿಸಿತ್ತು. ರೈತರ ಬ್ಯಾಂಕ್ ಖಾತೆ ಸಂಖ್ಯೆಯೂ ಅದರಲ್ಲೇ, ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯೊಳಗೆ, ಓಡಾಡುತ್ತದೆ. ಇದೆಲ್ಲ ಸುರಕ್ಷಿತವೇ ಎಂದು ನೋಡುವ ಪರೀಕ್ಷೆಗೆ ಮುಂಚೆ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದೆ: ಯಾವ ಸರ್ವರ್, ಯಾವ ದಿನ, ಯಾವ ಖಾತೆ. ಒಪ್ಪಿಗೆಯಿಲ್ಲದೆ ಬೇರೆಯವರ ಸರ್ವರ್ ಕೆದಕಿದರೆ ಐಟಿ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳು ಅನ್ವಯವಾಗುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಎಂಐಟಿಎಂಪ್ರಾಕ್ಸಿ (ಆ್ಯಪ್ ಮತ್ತು ಸರ್ವರ್ ನಡುವೆ ಕೂತು ಸಂಚಾರ ಬಿಚ್ಚಿ ತೋರಿಸುವ ತಂತ್ರಾಂಶ), ಪಕ್ಕದಲ್ಲಿ ಸಿಮ್ ಇಲ್ಲದ ಹಳೆ ಫೋನು, ಎರಡಕ್ಕೂ ಒಂದೇ ವೈಫೈ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಪೋರ್ಟ್ 8080.

ಬಹಳ ಜನ ಇಲ್ಲಿ ನೇರವಾಗಿ ಪ್ರಾಕ್ಸಿಯ ಸರ್ಟಿಫಿಕೇಟ್ (ಎದುರಿನ ಸರ್ವರ್ ಅಸಲಿ ಎಂದು ಆ್ಯಪ್ ನಂಬಲು ಬೇಕಾದ ಡಿಜಿಟಲ್ ಗುರುತುಪತ್ರ) ಫೋನಿಗೆ ಹಾಕಿಬಿಡುತ್ತಾರೆ. ಹಾಕಬೇಡಿ. ಮೊದಲು ಸರ್ಟಿಫಿಕೇಟ್ ಇಲ್ಲದೆಯೇ ಆ್ಯಪಿನ ಪ್ರತಿಯೊಂದು ಪರದೆಯನ್ನೂ ತೆರೆಯಿರಿ. ಆ್ಯಪ್ ಪ್ರಾಕ್ಸಿಯನ್ನು ನಂಬದೆ ಎಲ್ಲ ಕಡೆಯೂ ಸಂಪರ್ಕ ಮುರಿಯಬೇಕು. ಇಲ್ಲಿ ಲಾಗಿನ್ ಮುರಿಯಿತು, ಆದರೆ ತೂಕಚೀಟಿಯ ಫೋಟೊ ಅಪ್‌ಲೋಡ್ ಸಲೀಸಾಗಿ ಹೋಯಿತು! ಫೋಟೊಗೆ ಬೇರೆ ಎಚ್‌ಟಿಟಿಪಿ ಕ್ಲೈಂಟ್ (ಸರ್ವರ್ ಜತೆ ಮಾತಾಡುವ ಕೋಡ್) ಇತ್ತು. ಟೆಸ್ಟ್ ಸರ್ವರ್‌ಗೆಂದು ಅದರಲ್ಲಿ ಬರೆದಿದ್ದ ಖಾಲಿ ಟ್ರಸ್ಟ್‌ಮ್ಯಾನೇಜರ್ (ಸರ್ಟಿಫಿಕೇಟ್ ಪರಿಶೀಲಿಸಬೇಕಾದ ಭಾಗ) ಹಾಗೇ ಉಳಿದಿತ್ತು, ಅಂದರೆ ಯಾರ ಸರ್ಟಿಫಿಕೇಟ್ ಕೊಟ್ಟರೂ ಒಪ್ಪುತ್ತಿತ್ತು. ಲಾಗಿನ್ ಮಾತ್ರ ನೋಡಿ ಬಿಟ್ಟಿದ್ದರೆ ಇದು ಸಿಗುತ್ತಿರಲಿಲ್ಲ.

ನಂತರವೇ ಸರ್ಟಿಫಿಕೇಟ್. ಆಂಡ್ರಾಯ್ಡ್ 7ರಿಂದೀಚೆಗೆ ಬಳಕೆದಾರರು ಸೇರಿಸಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಅದನ್ನು ನಂಬುವ, ಪಿನ್ನಿಂಗ್ (ಗೊತ್ತುಮಾಡಿದ ಸರ್ಟಿಫಿಕೇಟನ್ನಷ್ಟೇ ಒಪ್ಪುವ ಕಟ್ಟು) ತೆಗೆದ ಡೀಬಗ್ ಬಿಲ್ಡನ್ನು, ಅಂದರೆ ಪರೀಕ್ಷೆಯ ಆವೃತ್ತಿಯನ್ನು, ಡೆವಲಪರ್‌ರಿಂದಲೇ ಕೇಳಿ ಪಡೆದೆ. ಪಿನ್ನಿಂಗ್ ಮುರಿಯಲು ದಿನಗಟ್ಟಲೆ ಗುದ್ದಾಡುವುದಕ್ಕಿಂತ ಇದು ಲೇಸು. ಆದರೆ ಸರ್ಟಿಫಿಕೇಟ್ ಪರಿಶೀಲನೆಯ ತೀರ್ಪನ್ನು ರೈತರ ಕೈಗೆ ಹೋಗುವ ರಿಲೀಸ್ ಬಿಲ್ಡ್ ಮೇಲೆಯೇ ಕೊಡಬೇಕು.

ಪ್ರಾಕ್ಸಿಯಲ್ಲಿ ಏನೂ ಕಾಣದಿದ್ದರೆ ಆ್ಯಪ್ ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆಯದ್ದೇ ಎಂದು ವಿಚಾರಿಸಿ. ಅದು ಫೋನಿನ ಪ್ರಾಕ್ಸಿ ಸೆಟ್ಟಿಂಗನ್ನು ತಾನಾಗಿ ಬಳಸುವುದಿಲ್ಲ, ವಿಪಿಎನ್ ಮೂಲಕ ಸಂಚಾರ ಎಳೆದುಕೊಳ್ಳುವ ಪ್ರಾಕ್ಸಿಯ ವೈರ್‌ಗಾರ್ಡ್ ಮೋಡ್ ಬೇಕಾಗುತ್ತದೆ. ಕ್ವಿಕ್ (QUIC, ಯುಡಿಪಿ ಮೇಲೆ ಓಡುವ ಸಂಪರ್ಕ ವಿಧಾನ) ಬಳಸುವ ಆ್ಯಪ್ ಆದರೆ ಯುಡಿಪಿ ಪೋರ್ಟ್ 443 ತಡೆದು ನೋಡಿ, ಸಾಮಾನ್ಯವಾಗಿ ಪ್ರಾಕ್ಸಿಗೆ ಸಿಗುವ ಮಾಮೂಲಿ ಟಿಸಿಪಿಗೆ ಇಳಿಯುತ್ತದೆ. ಬ್ಯಾಟರಿ ಪೂರ್ತಿ ಇಳಿದ ಹಳೆ ಫೋನಿನ ದಿನಾಂಕವನ್ನೂ ನೋಡಿ. ಅದು ವರ್ಷಗಟ್ಟಲೆ ಹಿಂದಿದ್ದರೆ ಸರಿಯಾದ ಸರ್ಟಿಫಿಕೇಟೂ ತಿರಸ್ಕೃತವಾಗುತ್ತದೆ.

ದೊಡ್ಡ ದೋಷ ಇದ್ದದ್ದು ಒಳಗೆ. ಎರಡು ಟೆಸ್ಟ್ ಖಾತೆ ಮಾಡಿಸಿ, ಮೊದಲನೆಯ ಖಾತೆಯ ಟೋಕನ್ (ಲಾಗಿನ್ ಆದಾಗ ಸಿಗುವ ಗುರುತು) ಇಟ್ಟುಕೊಂಡೇ ಎರಡನೆಯದರ ಪಟ್ಟಿ ಸಂಖ್ಯೆ ಕೇಳಿದೆ. ಸರ್ವರ್ ಬ್ಯಾಂಕ್ ವಿವರ ಸಮೇತ ಕೊಟ್ಟಿತು. ಗೂಢಲಿಪೀಕರಣ ಎಷ್ಟೇ ಗಟ್ಟಿಯಿದ್ದರೂ ಇದನ್ನು ತಡೆಯದು. ಪಟ್ಟಿ ಯಾರದೆಂದು ಸರ್ವರೇ ಪ್ರತಿಸಲ ತಾಳೆ ನೋಡಬೇಕು.

ತಿದ್ದುಪಡಿಯಾದ ಮೇಲೆ ಎರಡನ್ನೂ ಮತ್ತೆ ಓಡಿಸಿದೆ: ಅಪ್‌ಲೋಡ್ ಮುರಿಯಿತು, ಪಟ್ಟಿಗೆ 403 (ಅನುಮತಿಯಿಲ್ಲ) ಬಂತು. ಫೋನಿನಿಂದ ಸರ್ಟಿಫಿಕೇಟ್ ತೆಗೆದು, ಪಾಸ್‌ವರ್ಡ್‌ಗಳಿದ್ದ ದಾಖಲೆ ಫೈಲುಗಳನ್ನು ಅಳಿಸಿದೆ.