‘ಡೀಮನ್‌ಲವರ್’ ನೋಡಲು ಕೂರುವ ಮುಂಚೆ

ಫ್ರೆಂಚ್ ನಿರ್ದೇಶಕ ಒಲಿವಿಯೆ ಅಸಾಯಾಸ್ 2002ರಲ್ಲಿ ತೆಗೆದ ‘ಡೀಮನ್‌ಲವರ್’ ಸಿನಿಮಾವನ್ನು ನಡುವೆಯೇ ಬಿಟ್ಟೆದ್ದವರು ನನ್ನ ಬಳಗದಲ್ಲೇ ಇದ್ದಾರೆ. ತಲೆಬುಡ ಗೊತ್ತಾಗಲ್ಲ ಅನ್ನುವುದು ಅವರ ದೂರು. ನಾನು ಕಂಪನಿಗಳ ಕರಾರುಪತ್ರ ಓದಿ ಹೊಟ್ಟೆ ಹೊರೆಯುವವಳು. ನನಗಂತೂ ಇದರ ಮೊದಲರ್ಧ ಆಫೀಸಿನಷ್ಟೇ ಪರಿಚಿತ. ಹಾಗಾಗಿ ಥ್ರಿಲ್ಲರ್ ಅಂತ ಕೂರಬೇಡಿ. ಒಂದು ವ್ಯವಹಾರದ ಕಡತ ಬಿಚ್ಚುವ ಹಾಗೆ ಕೂರಿ.

ಮೊದಲು ಯಾರು ಯಾರ ಕಡೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪ್ಯಾರಿಸ್ಸಿನ ವೋಲ್ಫ್ ಸಂಸ್ಥೆ ಟೋಕಿಯೋಆನಿಮೆ ಎಂಬ ಜಪಾನಿ ಕಂಪನಿಯನ್ನು ಕೊಳ್ಳುತ್ತಿದೆ. ಅದರ ಸರಕು ಅಶ್ಲೀಲ ಆನಿಮೇಷನ್. ಅದನ್ನು ಇಂಟರ್ನೆಟ್ಟಿನಲ್ಲಿ ಮಾರುವ ಹಕ್ಕಿಗಾಗಿ ಮ್ಯಾಂಗಟ್ರಾನಿಕ್ಸ್ ಮತ್ತು ಡೀಮನ್‌ಲವರ್ ಎಂಬ ಎರಡು ಕಂಪನಿಗಳು ಕಚ್ಚಾಡುತ್ತಿವೆ. ಕಾನಿ ನೀಲ್ಸನ್ ಮಾಡಿರುವ ಡಯಾನ್ ಪಾತ್ರ ವೋಲ್ಫ್‌ನ ಸಂಬಳ ತಿನ್ನುತ್ತ ಮ್ಯಾಂಗಟ್ರಾನಿಕ್ಸ್‌ಗೆ ಗೂಢಚಾರಿಕೆ ಮಾಡುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ರುಚಿಯೇನೂ ಕೆಡುವುದಿಲ್ಲ.

ವಿಮಾನದ ಮೊದಲ ದೃಶ್ಯಕ್ಕೆ ಫೋನ್ ಪಕ್ಕಕ್ಕಿಡಿ. ಪರದೆಗಳಲ್ಲಿ ಬೆಂಕಿ, ಸ್ಫೋಟ, ಪ್ರಯಾಣಿಕರು ನಿದ್ದೆಯಲ್ಲಿ. ಅದೇ ಹೊತ್ತಿಗೆ ಡಯಾನ್ ಸಹೋದ್ಯೋಗಿಯ ನೀರಿನ ಬಾಟಲಿಗೆ ಮದ್ದು ಬೆರೆಸುತ್ತಾಳೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಇಡೀ ಚಿತ್ರದಲ್ಲಿ ಹಿಂಸೆ ಹೀಗೆಯೇ ಬರುತ್ತದೆ: ಎದುರಿಗಿರುತ್ತದೆ, ಯಾರೂ ನೋಡುತ್ತಿರುವುದಿಲ್ಲ. ಆಮೇಲೆ ಎಲ್ಲೆಲ್ಲಿ ಟಿ.ವಿ., ಕಂಪ್ಯೂಟರ್ ಕಂಡರೂ ಅದರಲ್ಲಿ ಏನಿದೆ, ಪಾತ್ರಗಳ ಕಣ್ಣು ಎಲ್ಲಿದೆ ಎರಡನ್ನೂ ಗಮನಿಸಿ.

ಮಾತುಕತೆಯ ದೃಶ್ಯಗಳನ್ನು ಓಡಿಸಬೇಡಿ. ನನಗೆ ಚೇಸಿಗಿಂತ ಅವೇ ಭಯ ಹುಟ್ಟಿಸಿದವು. ಜನರನ್ನು ಹಿಂಸಿಸಿ ತೋರಿಸುವ ಹೆಲ್‌ಫೈರ್ ಕ್ಲಬ್ ಎಂಬ ಜಾಲತಾಣಕ್ಕೂ ಡೀಮನ್‌ಲವರ್‌ಗೂ ನಂಟಿದೆಯೇ ಎಂಬ ಪ್ರಶ್ನೆ ಬಂದಾಗ, ಅದು ನೀತಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ನಷ್ಟದ ಬಾಬ್ತಾಗುತ್ತದೆ. ಇಂಥ ಸಭೆಗಳಲ್ಲಿ ನಾನೂ ಕೂತಿದ್ದೇನೆ, ಸರಕು ಬೇರೆ ಅಷ್ಟೇ.

ಕ್ಲೋಯಿ ಸೆವಿನಿ ಮಾಡಿರುವ ಎಲೀಸ್ ಮೇಲೆ ಒಂದು ಕಣ್ಣಿಡಿ. ಕೈಕೆಳಗಿನ ಈ ಹುಡುಗಿ ಯಾವಾಗಿನಿಂದ ಡಯಾನ್‌ಗೇ ಹುಕುಂ ಮಾಡತೊಡಗಿದಳು ಅನ್ನುವುದನ್ನು ಹಿಡಿದರೆ ದಾರಿ ಅರ್ಧ ಸಿಕ್ಕ ಹಾಗೆ.

ದ್ವಿತೀಯಾರ್ಧಕ್ಕೆ ಆ ಚೀಟಿ ಮಡಚಿಡಿ. ಕಾರ್ಯಕಾರಣದ ಎಳೆ ಬೇಕೆಂದೇ ಸಡಿಲಾಗುತ್ತದೆ. ಹಿಂದಕ್ಕೆ ಹೋಗಿ ಹುಡುಕಿದರೂ ಸಿಗುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ, ಸಂಗೀತ ಕೊಟ್ಟಿರುವ ಸೋನಿಕ್ ಯೂತ್ ಎಂಬ ಅಮೆರಿಕದ ರಾಕ್ ತಂಡದ ಕರ್ಕಶ ಗಿಟಾರ್ ದಾರಿ ತೋರಿಸುತ್ತದೆ.

ಫ್ರೆಂಚ್, ಇಂಗ್ಲಿಷ್, ಜಪಾನಿ ಮೂರೂ ಬರುವುದರಿಂದ ಸಬ್‌ಟೈಟಲ್ ಬೇಕೇ ಬೇಕು. ಲೈಂಗಿಕ ಹಿಂಸೆಯ ಚಿತ್ರಗಳಿವೆ. ಮಕ್ಕಳು ಎದ್ದಿರುವಾಗ, ಮನಸ್ಸು ಸರಿಯಿಲ್ಲದಾಗ ಹಚ್ಚಬೇಡಿ. 2021ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿ ಬಂದಿದೆ, ಸಿಕ್ಕರೆ ಅದನ್ನೇ ನೋಡಿ.