ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೂಸ್ ಬೇಟೆ: ಲೆಕ್ಕ ಮಾಂಸದಿಂದ ಶುರುವಾಗಲಿ

ಕೆನಡಾಗೆ ಬಂದು ಒಂದೆರಡು ಚಳಿಗಾಲ ಕಳೆದ ಮೇಲೆ ನಮ್ಮವರಲ್ಲಿ ಕೆಲವರು ಮೆಲ್ಲಗೆ ಈ ಪ್ರಶ್ನೆ ಕೇಳುತ್ತಾರೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯವರು ಸ್ವಲ್ಪ ಜಾಸ್ತಿ. "ಅಣ್ಣ, ಇಲ್ಲಿ ಬೇಟೆಗೆ ಹೋಗಬಹುದಂತೆ, ಹೌದಾ?" ಹೌದು, ಹೋಗಬಹುದು. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಜ್ಜಂದಿರ ಮಾತಿನಲ್ಲಿ ಮಾತ್ರ ಉಳಿಯಿತು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಸೀಸನ್ ಇದೆ, ಎಷ್ಟು ಪ್ರಾಣಿ ಹೊಡೆಯಬಹುದು ಎಂಬ ಮಿತಿ ಇದೆ. ಆ ನಿಯಮಗಳ ಒಳಗೆ ಇದು ಮರ್ಯಾದಸ್ಥ ಕೆಲಸ. ಮನೆಗೆ ಒಂದು ವರ್ಷದ ಮಾಂಸ ಬರುವ ದಾರಿಯೂ ಹೌದು.

ನಾನು ಇಲ್ಲಿ ಹೇಳುತ್ತಿರುವುದು ಗೈಡ್ ಜೊತೆ ಹೋಗುವ ಮೂಸ್ ಬೇಟೆಯ ಬಗ್ಗೆ, ಅದೂ ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ. ಮೂಸ್ ಅಂದರೆ ಜಿಂಕೆ ಜಾತಿಯ ಭಾರೀ ಪ್ರಾಣಿ. ಟೊರಾಂಟೊ ಸುತ್ತಮುತ್ತ ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಒಂಟಾರಿಯೊದಲ್ಲೇ ಮೂಸ್ ಇಲ್ಲವಾ ಅಂದರೆ, ಇದೆ. ಆದರೆ ಇಲ್ಲಿ 2021ರಿಂದ ಮೂಸ್ ಟ್ಯಾಗ್, ಅಂದರೆ ಒಂದು ಮೂಸ್ ಹೊಡೆಯಲು ಕೊಡುವ ಅನುಮತಿ ಚೀಟಿ, ಪಾಯಿಂಟ್ ಲೆಕ್ಕದ ಮೇಲೆ ಸಿಗುತ್ತದೆ. ಪ್ರತಿ ವರ್ಷ ಅರ್ಜಿ ಹಾಕಿ ಪಾಯಿಂಟ್ ಕೂಡಿಸಬೇಕು. ಒಳ್ಳೆಯ ಜಾಗದ ಟ್ಯಾಗ್‌ಗೆ ಹೊಸಬರು ವರ್ಷಗಟ್ಟಲೆ ಕಾಯುತ್ತಾರೆ. ಅರ್ಜಿ ಹಾಕುತ್ತಾ ಇರಿ, ಪಾಯಿಂಟ್ ಬೆಳೆಯಲಿ. ಅಷ್ಟರೊಳಗೆ ಮೊದಲ ಬೇಟೆಯನ್ನು ತಿಳಿದವರ ಕೈಕೆಳಗೆ ಕಲಿಯಬೇಕು ಎನ್ನುವವರಿಗೆ ನ್ಯೂಫೌಂಡ್‌ಲ್ಯಾಂಡ್ ಸರಿಯಾದ ಜಾಗ.

ಆ ದ್ವೀಪದಲ್ಲಿ ಮೂಸ್ ಮೂಲದ ಪ್ರಾಣಿಯಲ್ಲ. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕು ಮೂಸ್ ತಂದು ಹೌಲಿ ಎಂಬ ಊರಿನ ಹತ್ತಿರ ಬಿಟ್ಟರು. ಅಲ್ಲಿನ ತೋಳ ಕಳೆದ ಶತಮಾನದ ಮೊದಲ ಭಾಗದಲ್ಲೇ ಅಳಿದುಹೋಯಿತು. ದೊಡ್ಡ ಮೂಸ್ ಹಿಡಿಯುವ ಪ್ರಾಣಿ ಉಳಿಯಲಿಲ್ಲ. ಈಗ ದ್ವೀಪದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಮೂಸ್ ಇವೆ. ಎಳೆ ಗಿಡಗಳನ್ನೆಲ್ಲ ಅವು ತಿಂದು ಕಾಡು ಮತ್ತೆ ಬೆಳೆಯದಂತಾಗಿ, 2011ರಿಂದ ಗ್ರೋಸ್ ಮಾರ್ನ್ ಮತ್ತು ಟೆರ್ರಾ ನೋವಾ ರಾಷ್ಟ್ರೀಯ ಉದ್ಯಾನಗಳ ಒಳಗೂ ಸ್ಥಳೀಯರಿಗೆ ಬೇಟೆಗೆ ಅವಕಾಶ ಕೊಡಬೇಕಾಯಿತು. ಪ್ರಾಣಿ ಕೊಲ್ಲುವುದು ಸರಿಯಾ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಈ ವಿಷಯವನ್ನು ಕೂತು ವಿವರಿಸಿ. ಕೇಳುವುದು ನ್ಯಾಯವಾದ ಪ್ರಶ್ನೆ, ಉತ್ತರವೂ ನ್ಯಾಯವಾಗಿಯೇ ಇರಬೇಕು.

ಹೊರ ಪ್ರಾಂತ್ಯದವರು ಅಲ್ಲಿ ಲೈಸೆನ್ಸ್ ಇರುವ ಔಟ್‌ಫಿಟರ್ ಮೂಲಕವೇ ಹೋಗಬೇಕು. ಔಟ್‌ಫಿಟರ್ ಅಂದರೆ ಕ್ಯಾಂಪ್, ಊಟ, ಗೈಡ್ ಎಲ್ಲವನ್ನೂ ಒದಗಿಸುವವರು. ನಮ್ಮ ಮೂಸ್ ಲೈಸೆನ್ಸ್ ಕೂಡ ಅವರ ಪಾಲಿನ ಕೋಟಾದಿಂದಲೇ ಬರುತ್ತದೆ. ಹಾಗಾಗಿ ಪಾಯಿಂಟ್ ಕೂಡಿಸುತ್ತಾ ಕಾಯುವ ತಾಪತ್ರಯ ಇಲ್ಲ. ಒಬ್ಬ ಗೈಡ್‌ಗೆ ಹೆಚ್ಚೆಂದರೆ ಇಬ್ಬರು ಬೇಟೆಗಾರರು. ನಿಮ್ಮೊಬ್ಬರಿಗೇ ಗೈಡ್ ಬೇಕು ಅಂದರೆ ಬೆಲೆ ಏರುತ್ತದೆ. ಮೊದಲ ಸಲಕ್ಕೆ ಅದು ಬೇಕಿಲ್ಲ. ಹೊಂದಿಕೊಂಡು ಹೋಗುವ ಗೆಳೆಯ ಒಬ್ಬ ಇದ್ದರೆ ಇಬ್ಬರು ಸೇರಿ ಹೋಗುವುದೇ ವಾಸಿ, ದಾರಿ ಖರ್ಚೂ ಅರ್ಧ ಆಗುತ್ತದೆ.

ಈಗ ದುಡ್ಡಿನ ಮಾತಿಗೆ ಬರೋಣ. ಎಲ್ಲರೂ ಪ್ಯಾಕೇಜ್ ಬೆಲೆ ನೋಡಿ ಲೆಕ್ಕ ಶುರು ಮಾಡುತ್ತಾರೆ. ನಾನು ಹೇಳುವುದು ಇಷ್ಟೇ: ಮೂಸ್ ಬಿದ್ದ ಮೇಲೆ ಏನಾಗುತ್ತದೆ ಎಂಬುದರಿಂದ ಲೆಕ್ಕ ಶುರು ಮಾಡಿ. ಯಾಕೆಂದರೆ ಕ್ಯಾಂಪಿನ ಖರ್ಚು ಔಟ್‌ಫಿಟರ್ ಮೊದಲೇ ಹೇಳಿರುತ್ತಾರೆ. ಮಾಂಸದ ಖರ್ಚು, ಮಾಂಸದ ಜವಾಬ್ದಾರಿ ಎರಡೂ ನಿಮ್ಮದು. ಅದನ್ನು ಯಾರೂ ಕೂಗಿ ಹೇಳುವುದಿಲ್ಲ.

ಬೆಳೆದ ಗಂಡು ಮೂಸ್ ನಮ್ಮ ಕಡವೆಗಿಂತ ಎಷ್ಟೋ ದೊಡ್ಡದು, 400 ಕಿಲೋ ದಾಟುತ್ತದೆ. ಮೂಳೆ ತೆಗೆದ ಮೇಲೂ 150ರಿಂದ 200 ಕಿಲೋ ಮಾಂಸ ಕೈಗೆ ಬರಬಹುದು. 180 ಕಿಲೋ ಅಂದುಕೊಳ್ಳಿ, ಅಂದರೆ 400 ಪೌಂಡ್ ಹತ್ತಿರ. ಕಟುಕರು ಕತ್ತರಿಸಿ, ಪ್ಯಾಕ್ ಮಾಡಿ, ಫ್ರೀಜ್ ಮಾಡಿ ಕೊಡಲು ಪೌಂಡಿಗೆ ಒಂದು ಡಾಲರ್‌ಗಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. 500 ಡಾಲರ್ ಎತ್ತಿಡಿ. ಸಾಸೇಜ್ ಮಾಡಿಸಿದರೆ ಇನ್ನೂ ಮೇಲೆ. ಒಂದು ಘನ ಅಡಿ ಫ್ರೀಜರ್‌ನಲ್ಲಿ ಸುಮಾರು 35 ಪೌಂಡ್ ಮಾಂಸ ಹಿಡಿಯುತ್ತದೆ. ಅಂದರೆ 12 ಘನ ಅಡಿಯ ಫ್ರೀಜರ್ ಬೇಕು, ಅದೂ ಪೂರ್ತಿ ಖಾಲಿ. ಬಾಡಿಗೆ ಅಪಾರ್ಟ್‌ಮೆಂಟ್‌ನಲ್ಲಿ ಇದನ್ನು ಎಲ್ಲಿ ಇಡುತ್ತೀರಿ? ಜಾಗ ಇಲ್ಲದಿದ್ದರೆ ಹೊರಡುವ ಮೊದಲೇ ಹಂಚಿಕೊಳ್ಳುವ ಎರಡು ಮೂರು ಮನೆಗಳನ್ನು ಗೊತ್ತು ಮಾಡಿಕೊಳ್ಳಿ. ಒಂಟಾರಿಯೊದಲ್ಲಿ ಬೇಟೆ ಮಾಂಸ ಮಾರುವಂತಿಲ್ಲ, ಹಂಚಬಹುದು.

ಇಷ್ಟು ಮಾಂಸ ಮನೆಗೆ ಬರುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನಿಮ್ಮ ಪ್ರಯಾಣವನ್ನು ತೀರ್ಮಾನ ಮಾಡುವುದು ಇದೇ. ದ್ವೀಪದ ಡೀರ್ ಲೇಕ್‌ಗೋ ಗ್ಯಾಂಡರ್‌ಗೋ ವಿಮಾನದಲ್ಲಿ ಹೋದರೆ ಬೇಗ ತಲುಪುತ್ತೀರಿ, ಸರಿ. ವಾಪಸ್ ಬರುವಾಗ 23 ಕಿಲೋ ಮಿತಿಯ ಪೆಟ್ಟಿಗೆಗಳು ಎಂಟು ಬೇಕು. ಕಾರಿನಲ್ಲಿ ಹೋದರೆ ಟೊರಾಂಟೊದಿಂದ ನೋವಾ ಸ್ಕೋಶಿಯಾದ ನಾರ್ತ್ ಸಿಡ್ನಿಗೆ ಸುಮಾರು 2,000 ಕಿಲೋಮೀಟರ್. ಅಲ್ಲಿಂದ ಮರೀನ್ ಅಟ್ಲಾಂಟಿಕ್ ಹಡಗಿನಲ್ಲಿ ಪೋರ್ಟ್ ಓ ಬಾಸ್ಕ್‌ಗೆ ಏಳು ಗಂಟೆ ಹತ್ತಿರ. ಸುಸ್ತಾಗುತ್ತದೆ, ಆದರೂ ನನ್ನ ಓಟು ಕಾರಿಗೇ. ಹಿಂದೆ ಸಣ್ಣ ಟ್ರೈಲರ್ ಕಟ್ಟಿ, ಅದರಲ್ಲಿ ಫ್ರೀಜರ್ ಮತ್ತು ಚಿಕ್ಕ ಜನರೇಟರ್ ಇಟ್ಟುಕೊಂಡು ಹೋಗುವವರನ್ನು ಆ ಹಡಗಿನಲ್ಲಿ ನೋಡುತ್ತೀರಿ. ಮಾಂಸವನ್ನು ಮೂಳೆ ತೆಗೆಸಿಯೇ ತನ್ನಿ. ಜಿಂಕೆ ಜಾತಿಯ ಪ್ರಾಣಿಗಳಿಗೆ ಬರುವ ಒಂದು ಮಿದುಳಿನ ರೋಗದ ಭಯದಿಂದ ಮಿದುಳು, ಕಣ್ಣು, ಬೆನ್ನುಹುರಿ ಇರುವ ಭಾಗಗಳನ್ನು ಒಂಟಾರಿಯೊದೊಳಗೆ ತರುವುದನ್ನು ನಿಷೇಧಿಸಿದ್ದಾರೆ. ಇನ್ನೊಂದು ಮಾತು: ದ್ವೀಪದ ಹೈವೇಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಅಲ್ಲಿ ವರ್ಷಕ್ಕೆ ನೂರಾರು ವಾಹನಗಳು ಮೂಸ್‌ಗೆ ಗುದ್ದುತ್ತವೆ. ಉದ್ದ ಕಾಲಿನ ಪ್ರಾಣಿ, ಗುದ್ದಿದರೆ ಅದರ ಮೈಭಾರ ನೇರ ಗಾಜಿನ ಮೇಲೆ ಬೀಳುತ್ತದೆ.

ಮಾಂಸದ ಲೆಕ್ಕ, ದಾರಿಯ ಲೆಕ್ಕ ಮುಗಿದ ಮೇಲೆ ಪ್ಯಾಕೇಜ್ ನೋಡಿ. ಇಬ್ಬರಿಗೆ ಒಬ್ಬ ಗೈಡ್, ಆರು ದಿನದ ಬೇಟೆ ಎಂದರೆ ತಲೆಗೆ ಸುಮಾರು 7,000ದಿಂದ 11,000 ಕೆನಡಿಯನ್ ಡಾಲರ್ ನಡುವೆ ಕೇಳುತ್ತಾರೆ. ರಸ್ತೆಯಿಂದಲೇ ತಲುಪುವ ಕ್ಯಾಂಪ್ ಕಡಿಮೆ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋಗುವ ಕ್ಯಾಂಪ್ ಜಾಸ್ತಿ. ಆ ವಿಮಾನದಲ್ಲಿ ನಿಮ್ಮ ಸಾಮಾನಿಗೆ ತೂಕದ ಮಿತಿ ಇರುತ್ತದೆ. ಮಾಂಸ ಹೊರಗೆ ತರುವ ಹಾರಾಟಕ್ಕೆ ಬೇರೆ ದುಡ್ಡಾ ಎಂದು ಮೊದಲೇ ಕೇಳಿ. ಬೆಲೆ ಅಮೆರಿಕನ್ ಡಾಲರಿನಲ್ಲಿದೆಯೋ ಕೆನಡಿಯನ್ ಡಾಲರಿನಲ್ಲಿದೆಯೋ ಅದನ್ನೂ ನೋಡಿ, ಅವರ ಗಿರಾಕಿಗಳಲ್ಲಿ ಬಹಳ ಜನ ಅಮೆರಿಕದವರು.

8,500 ಡಾಲರಿನ ಪ್ಯಾಕೇಜ್ ಇಟ್ಟುಕೊಂಡು ಒಂದು ಸಲ ಕೂಡಿಸಿ ನೋಡೋಣ. ಆ ಪ್ರಾಂತ್ಯದ ತೆರಿಗೆ 15%, ಅಂದರೆ 1,275. ಗೈಡ್‌ಗೆ ಮತ್ತು ಅಡುಗೆಯವರಿಗೆ ಟಿಪ್ಸ್ 10ರಿಂದ 15%. 1,000 ಇಡಿ, ನಗದಾಗಿಯೇ ಇಡಿ, ಕಾಡಿನಲ್ಲಿ ಕಾರ್ಡ್ ನಡೆಯುವುದಿಲ್ಲ. ಪೆಟ್ರೋಲ್, ದಾರಿಯಲ್ಲಿ ತಂಗುವುದು, ಹಡಗು ಇವೆಲ್ಲ ಇಬ್ಬರು ಹಂಚಿಕೊಂಡರೂ ತಲೆಗೆ 1,000 ಹತ್ತಿರ. ಕಟುಕರಿಗೆ 500, ಫ್ರೀಜರ್‌ಗೆ 600. ಇಷ್ಟಕ್ಕೇ 13,000 ಹತ್ತಿರ ಬಂತು, ನೋಡಿ. ರೈಫಲ್, ದುರ್ಬೀನು, ಬಟ್ಟೆ, ಬೂಟು ಇನ್ನೂ ಸೇರಿಲ್ಲ. ಹೊಸದಾಗಿ ಕೊಳ್ಳುವವರು ಅದಕ್ಕೆ 2,000 ಬೇರೆ ಇಡಬೇಕು. ಪ್ಯಾಕೇಜ್ ಬೆಲೆಗೆ ಅರ್ಧದಷ್ಟು ಮತ್ತೆ ಸೇರಿಸಿದರೆ ನಿಮ್ಮ ನಿಜವಾದ ಖರ್ಚಿನ ಹತ್ತಿರ ಬರುತ್ತೀರಿ. ಮನೆಯ ಡೌನ್ ಪೇಮೆಂಟ್‌ಗೆ ದುಡ್ಡು ಕೂಡಿಸುತ್ತಿರುವ ವರ್ಷದಲ್ಲಿ ಇದಕ್ಕೆ ಕೈ ಹಾಕಬೇಡಿ, ಕ್ರೆಡಿಟ್ ಕಾರ್ಡ್ ಸಾಲದಲ್ಲಂತೂ ಬೇಡವೇ ಬೇಡ. ಮೂಸ್ ಎಲ್ಲಿಗೂ ಹೋಗುವುದಿಲ್ಲ.

ಔಟ್‌ಫಿಟರ್ ಆರಿಸುವಾಗ ಫೋಟೊ ನೋಡಿ ಮರುಳಾಗಬೇಡಿ. ಫೋನ್ ಮಾಡಿ ಮಾತಾಡಿ. ಕಳೆದ ಮೂರು ಸೀಸನ್‌ನಲ್ಲಿ ಎಷ್ಟು ಜನ ಬಂದರು, ಎಷ್ಟು ಜನಕ್ಕೆ ಸಿಕ್ಕಿತು ಎಂದು ವರ್ಷವಾರು ಕೇಳಿ. ಹಳೇ ಗಿರಾಕಿಗಳ ನಂಬರ್ ಕೇಳುವಾಗ ಬರಿಗೈಯಲ್ಲಿ ವಾಪಸಾದವರ ನಂಬರ್ ಕೂಡ ಕೇಳಿ. ಹೊಡೆದವರೆಲ್ಲ ಕ್ಯಾಂಪ್ ಹೊಗಳುತ್ತಾರೆ. ಸಿಗದೆ ಬಂದವನೂ "ಗೈಡ್ ಕೊನೇ ದಿನದವರೆಗೆ ಕಷ್ಟಪಟ್ಟ" ಅಂದರೆ ಆ ಕ್ಯಾಂಪ್ ನಂಬಬಹುದು. ಲೈಸೆನ್ಸ್ ಶುಲ್ಕ ಬೆಲೆಯೊಳಗಿದೆಯಾ, ಮಾಂಸ ಕಟುಕರ ಹತ್ತಿರ ಯಾರು ಮುಟ್ಟಿಸುತ್ತಾರೆ, ಬಿಸಿಲು ಬಂದರೆ ಮಾಂಸ ತಂಪಾಗಿಡಲು ಏನು ವ್ಯವಸ್ಥೆ, ಇದನ್ನೆಲ್ಲ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮುಂಗಡ ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೆ ಇರುತ್ತದೆ, ವಾಪಸ್ ಬರುವುದಿಲ್ಲ. ನೀವು ಬರಲಾಗದಿದ್ದರೆ ಮುಂದಿನ ವರ್ಷಕ್ಕೆ ಬದಲಿಸುತ್ತಾರಾ ಎಂಬ ಒಂದು ಸಾಲು ಒಪ್ಪಂದದಲ್ಲಿ ಇರಲಿ. ವರ್ಕ್ ಪರ್ಮಿಟ್‌ನಲ್ಲಿ ಇರುವವರಿಗೆ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಆ ಸಾಲು ಬಹಳ ಮುಖ್ಯ.

ತಾರೀಕಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ದ್ವೀಪದಲ್ಲಿ ರೈಫಲ್ ಸೀಸನ್ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮೂಸ್ ಬೆದೆಗೆ ಬರುವ ಕಾಲ. ಗೈಡ್ ಹೆಣ್ಣಿನ ಹಾಗೆ ಕೂಗಿದರೆ ಗಂಡು ಉತ್ತರ ಕೊಡುತ್ತಾ ಹತ್ತಿರ ಬರುತ್ತದೆ. ಎಲ್ಲರಿಗೂ ಆ ವಾರಗಳೇ ಬೇಕು. ಹಾಗಾಗಿ ಒಂದರಿಂದ ಎರಡು ವರ್ಷ ಮೊದಲೇ ಬುಕ್ ಆಗಿಬಿಡುತ್ತವೆ. ನಮಗೆ ಅದೇ ಹೊತ್ತಿಗೆ ನವರಾತ್ರಿ ಬರುತ್ತದೆ. ಮಾಂಸ ಮುಟ್ಟದ ದಿನಗಳನ್ನು ಪಾಲಿಸುವ ಮನೆಯವರು ಆ ವರ್ಷದ ಪಂಚಾಂಗ ನೋಡಿಯೇ ತಾರೀಕು ಕೊಡಿ. ಅಕ್ಟೋಬರ್ ಕೊನೆಯ ವಾರಗಳೂ ಕೆಟ್ಟದ್ದೇನಲ್ಲ, ಎಲೆ ಉದುರಿ ಕಾಡು ದೂರದವರೆಗೆ ಕಾಣುತ್ತದೆ, ಚಳಿಗೆ ಮಾಂಸವೂ ಕೆಡುವುದಿಲ್ಲ. ರಜೆಯನ್ನೂ ಎಣಿಸಿ. ಒಂಟಾರಿಯೊದಲ್ಲಿ ಹೊಸ ಕೆಲಸಗಾರರಿಗೆ ಕಾನೂನು ಕೊಡಿಸುವುದು ವರ್ಷಕ್ಕೆ ಎರಡು ವಾರ. ಕಾರಿನಲ್ಲಿ ಹೋಗಿ ಬರುವ ಬೇಟೆ ಅಷ್ಟನ್ನೂ ತಿನ್ನುತ್ತದೆ. ಆ ವರ್ಷ ಊರಿಗೆ ಹೋಗಲಾಗುವುದಿಲ್ಲ. ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿ ಒಪ್ಪಿಸಿ.

ಮನೆಯವರ ಒಪ್ಪಿಗೆ ಇನ್ನೊಂದು ಕಡೆಯೂ ಬೇಕಾಗುತ್ತದೆ. ಸ್ವಂತ ರೈಫಲ್ ಇಟ್ಟುಕೊಳ್ಳಲು ಪಿಎಎಲ್ ಎಂಬ ಲೈಸೆನ್ಸ್ ಬೇಕು. ಕೆನಡಾ ಪೌರತ್ವ ಇರಲೇಬೇಕೆಂದಿಲ್ಲ. ಮೊದಲು ಬಂದೂಕು ಸುರಕ್ಷತೆಯ ಕೋರ್ಸ್ ಮಾಡಿ, ಬರವಣಿಗೆ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡರಲ್ಲೂ 80% ತೆಗೆಯಬೇಕು. ಆಮೇಲೆ ಅರ್ಜಿ. ಅದರಲ್ಲಿ ಗಂಡ ಅಥವಾ ಹೆಂಡತಿಯ ವಿವರ ಮತ್ತು ಸಹಿ ಕೇಳುತ್ತಾರೆ. ಹೊಸ ಅರ್ಜಿಗೆ ಕನಿಷ್ಠ 28 ದಿನ ಕಾಯುವ ನಿಯಮ ಇದೆ. ನಿಜವಾಗಿ ತಿಂಗಳುಗಳೇ ಹಿಡಿಯಬಹುದು. ಊರಲ್ಲಿ ಕೋವಿ ಗೋಡೆಗೆ ತೂಗುಹಾಕಿದ್ದು ನೋಡಿ ಬೆಳೆದವರು ಇಲ್ಲಿ ಆ ಅಭ್ಯಾಸ ಪೂರ್ತಿ ಬಿಡಬೇಕು. ಗುಂಡು ತೆಗೆದು, ಬೀಗ ಹಾಕಿಯೇ ಇಡಬೇಕು. ವಿಮಾನದಲ್ಲಿ ಒಯ್ಯುವುದಾದರೆ ಬೀಗದ ಗಟ್ಟಿ ಪೆಟ್ಟಿಗೆಯಲ್ಲಿ, ಮೊದಲೇ ತಿಳಿಸಿ ಒಯ್ಯಬೇಕು, ಗುಂಡು 5 ಕಿಲೋ ಮೀರುವಂತಿಲ್ಲ. ಅಮೆರಿಕದಿಂದ ತಮ್ಮನೋ ಭಾವನೋ ಜೊತೆಗೆ ಬರುತ್ತಿದ್ದರೆ, ತನ್ನ ರೈಫಲ್ ತರಲು ಗಡಿಯಲ್ಲಿ 25 ಡಾಲರ್ ಕಟ್ಟಿ ಘೋಷಣೆ ಮಾಡಬೇಕು. ಅದು 60 ದಿನ ನಡೆಯುತ್ತದೆ. ಪಿಸ್ತೂಲು ತರಲೇಬಾರದು.

ಇನ್ಶೂರೆನ್ಸ್ ಮರೆಯಬೇಡಿ. ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಒಹಿಪ್ ಇದ್ದರೂ ಬೇರೆ ಪ್ರಾಂತ್ಯದಲ್ಲಿ ಆಂಬ್ಯುಲೆನ್ಸ್ ಖರ್ಚು ಅದು ಕೊಡುವುದಿಲ್ಲ. ಕಾಡಿನ ಕ್ಯಾಂಪಿನಿಂದ ಹೆಲಿಕಾಪ್ಟರ್ ಬಂದರೆ ಬಿಲ್ ನಿಮ್ಮ ತಲೆಗೆ. ಪಾಲಿಸಿಯಲ್ಲಿ ಬೇಟೆ ಸೇರಿದೆಯಾ ಎಂದು ಕೇಳಿಯೇ ತೆಗೆದುಕೊಳ್ಳಿ.

ಮೈ ಗಟ್ಟಿ ಮಾಡಿಕೊಳ್ಳಲು ಮೂರು ತಿಂಗಳಾದರೂ ಬೇಕು. ಅಲ್ಲಿನ ಜೌಗು ನೆಲದಲ್ಲಿ ನಡೆಯುವುದು ನಾಟಿಗೆ ಉತ್ತ ಗದ್ದೆಯಲ್ಲಿ ನಡೆದ ಹಾಗೆ. ಪ್ರತಿ ಹೆಜ್ಜೆ ಕಿತ್ತು ಇಡಬೇಕು, ಮಳೆ ಬೇರೆ. ಬಟ್ಟೆಗೆ ಸುಮ್ನೆ ದುಡ್ಡು ಸುರಿಯಬೇಡಿ, ನೀರು ಒಳಬಿಡದ ಬೂಟು ಮತ್ತು ಮಳೆ ಕೋಟ್‌ಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ರೈಫಲ್ .308 ಅಥವಾ .30-06 ಆದರೆ ಸಾಕು. ರೇಂಜಿಗೆ ಹೋಗಿ ಕೂತು, ನಿಂತು, ಮಂಡಿಯೂರಿ ಅಭ್ಯಾಸ ಮಾಡಿ. ಒಂದೇ ಗುಂಡಿಗೆ ಪ್ರಾಣಿ ನರಳದೆ ಬೀಳಬೇಕು. ಆ ವಿಶ್ವಾಸ ಇಲ್ಲದ ದೂರಕ್ಕೆ ಗೈಡ್ ಹೇಳಿದರೂ ಹೊಡೆಯಬೇಡಿ. ಇಷ್ಟೆಲ್ಲ ಮಾಡಿಯೂ ಸಿಗದೆ ಇರಬಹುದು. ದುಡ್ಡು ಕೊಟ್ಟಿರುವುದು ಆರು ದಿನದ ಪ್ರಯತ್ನಕ್ಕೆ, ಮೂಸ್‌ಗಲ್ಲ. ಆ ನಷ್ಟ ತಡೆಯುವ ಶಕ್ತಿ ಇದ್ದಾಗಲೇ ಮುಂಗಡ ಕಳಿಸಿ.

ಮೂಸ್ ಸಿಕ್ಕರೆ, ಮೊದಲು ಅದಕ್ಕೆ ಟ್ಯಾಗ್ ಕಟ್ಟಿ, ಆಮೇಲೆ ಫೋಟೊ. ಲಿವರ್, ಕಿಡ್ನಿ ನಮ್ಮವರಿಗೆ ಇಷ್ಟ, ಆದರೆ ಮೂಸ್‌ನದ್ದು ತಿನ್ನಬೇಡಿ. ಅದರಲ್ಲಿ ಕ್ಯಾಡ್ಮಿಯಂ ಸೇರಿಕೊಳ್ಳುತ್ತದೆ ಎಂದು ಆರೋಗ್ಯ ಇಲಾಖೆಗಳೇ ಎಚ್ಚರಿಸಿವೆ. ಮಾಂಸದಲ್ಲಿ ಕೊಬ್ಬು ಬಹಳ ಕಮ್ಮಿ. ಕುರಿ ಮಾಂಸದ ಅಂದಾಜಿನಲ್ಲಿ ಹುರಿದರೆ ಒಣಗಿ ಗಟ್ಟಿಯಾಗುತ್ತದೆ. ಕಾಲಿನ ಭಾಗವನ್ನು ಕುಕ್ಕರಿನಲ್ಲಿ ನಿಧಾನ ಬೇಯಿಸಿ, ಹುರಿದ ಕರಿಮೆಣಸು, ಕೊತ್ತಂಬರಿ ಬೀಜ, ಕೊನೆಗೆ ಒಂದು ಚಮಚ ಕೊಡಗಿನ ಹುಳಿ ಕಾಚಂಪುಳಿ ಹಾಕಿ. ಕನ್ನಡ ಸಂಘದ ಊಟಕ್ಕೆ ಒಯ್ಯುವುದಾದರೆ ಬೇರೆ ಮೇಜಿನ ಮೇಲೆ, ಬೇರೆ ಸೌಟಿನ ಜೊತೆ ಇಡಿ. ಪಾತ್ರೆಯ ಮೇಲೆ ಮೂಸ್ ಮಾಂಸ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ಅಂಟಿಸಿ.