ಟೆಂಟ್‌ನಲ್ಲಿ ಬೆಚ್ಚಗೆ ಮಲಗಬೇಕಾ? ನೆಲದಿಂದ ಶುರು ಮಾಡಿ

ಕ್ಯಾಂಪಿಂಗ್ ಅಂದ ತಕ್ಷಣ ಎಲ್ಲರ ತಲೆಗೆ ಬರುವುದು ಟೆಂಟ್. ಯಾವ ಬಣ್ಣ, ಎಷ್ಟು ಜನರದ್ದು, ಎಷ್ಟು ಬೇಗ ನಿಲ್ಲಿಸಬಹುದು ಅಂತ ವಾರಗಟ್ಟಲೆ ಹುಡುಕುತ್ತಾರೆ. ಆದರೆ ನಡುರಾತ್ರಿ ಚಳಿಗೆ ಎಚ್ಚರವಾಗಿ, ಮುದುಡಿಕೊಂಡು, ಬೆಳಗಾಗುವುದನ್ನೇ ಕಾಯುತ್ತಾ ಮಲಗಿದವರನ್ನು ಕೇಳಿ ನೋಡಿ. ಬೆನ್ನು ತಣ್ಣಗಾಯಿತು, ಸೊಂಟ ಹಿಡಿಯಿತು, ಹೊದಿಕೆ ಒದ್ದೆಯಾಯಿತು ಅನ್ನುತ್ತಾರೆಯೇ ಹೊರತು ಟೆಂಟ್ ಬಣ್ಣ ಚೆನ್ನಾಗಿರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಈ ಮೂರನ್ನು ನೋಡಿಕೊಂಡರೆ ಉಳಿದಿದ್ದೆಲ್ಲ ಅಲಂಕಾರ. ದುಡ್ಡು, ಸಮಯ, ಬ್ಯಾಗ್‌ನಲ್ಲಿರುವ ಜಾಗ, ಎಲ್ಲದರಲ್ಲೂ ಮೊದಲ ಪಾಲು ಕೆಳಗೆ ಹಾಸುವುದಕ್ಕೆ ಹೋಗಲಿ.

ಬೆಳಕಿದ್ದಾಗಲೇ ಜಾಗ ನೋಡಿ

ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ತಲುಪುವಂತೆ ಹೊರಡಿ. ಟೆಂಟನ್ನು ಟಾರ್ಚ್ ಬೆಳಕಲ್ಲೂ ಕಟ್ಟಬಹುದು, ಆದರೆ ನೆಲ ಹೇಗಿದೆ ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ.

ಕಣಿವೆಯ ತಳ, ಹೊಳೆಯ ದಂಡೆ ನೋಡೋಕೆ ಚೆಂದ, ಮಲಗೋಕೆ ಕಷ್ಟ. ತಣ್ಣನೆಯ ಗಾಳಿ ಭಾರ, ಅದು ರಾತ್ರಿ ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ಬಂದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ನೀರಿನ ಪಕ್ಕವಾದರೆ ತೇವ, ಸೊಳ್ಳೆ ಬೇರೆ, ಮೇಲೆ ಎಲ್ಲೋ ಮಳೆಯಾದರೆ ನೀರು ಏರುವ ಭಯವೂ ಇದ್ದೇ ಇದೆ. ಹಾಗಂತ ಗುಡ್ಡದ ನೆತ್ತಿಗೂ ಹೋಗಬೇಡಿ, ಅಲ್ಲಿ ರಾತ್ರಿಯಿಡೀ ಗಾಳಿ ಬಟ್ಟೆಯನ್ನು ಪಟಪಟ ಬಡಿಯುತ್ತಿರುತ್ತದೆ. ಎರಡರ ನಡುವೆ, ಸ್ವಲ್ಪ ಎತ್ತರದಲ್ಲಿ, ಮರಗಳ ಮರೆ ಇರುವ ಕಡೆ ಒಳ್ಳೆಯದು. ಮೋಡವಿಲ್ಲದ ರಾತ್ರಿ ನೆಲದ ಬಿಸಿ ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ, ಮೇಲೆ ಕೊಂಬೆ ಎಲೆಗಳಿದ್ದರೆ ಅದಕ್ಕೆ ಸ್ವಲ್ಪ ತಡೆ, ಇಬ್ಬನಿಯೂ ಕಡಿಮೆ. ಒಣಗಿದ ಕೊಂಬೆ ನೇತಾಡುತ್ತಿದೆಯಾ ಅಂತ ಮಾತ್ರ ತಲೆಯೆತ್ತಿ ನೋಡಲೇಬೇಕು.

ಟೆಂಟ್ ಬಿಚ್ಚುವ ಮೊದಲು ಆ ನೆಲದ ಮೇಲೆ ಒಮ್ಮೆ ಸುಮ್ನೆ ಮಲಗಿ. ನಿಂತಾಗ ಕಾಣದ ಇಳಿಜಾರು, ಕಲ್ಲು, ಬೇರು ಎಲ್ಲವೂ ಬೆನ್ನಿಗೆ ತಕ್ಷಣ ಗೊತ್ತಾಗುತ್ತದೆ. ಸ್ವಲ್ಪ ಓರೆ ಇದ್ದರೆ ತಲೆ ಎತ್ತರದ ಕಡೆಗಿರಲಿ. ಅಡ್ಡಕ್ಕೆ ಮಲಗಿದರೆ ರಾತ್ರಿಯೆಲ್ಲ ಉರುಳುವುದೇ ಕೆಲಸ.

ಟೆಂಟ್ ಬಗ್ಗೆ ನಾಲ್ಕೇ ಮಾತು

ನಾಲ್ಕು ಜನರ ಟೆಂಟ್ ಅಂದರೆ ನಾಲ್ಕು ಮ್ಯಾಟ್ ಒಂದಕ್ಕೊಂದು ಅಂಟಿಕೊಂಡು ಹಿಡಿಸುತ್ತವೆ ಅಂತ ಅರ್ಥ, ಬ್ಯಾಗ್, ಶೂಗೆ ಜಾಗ ಆ ಲೆಕ್ಕದಲ್ಲಿ ಇಲ್ಲ. ಹೊತ್ತು ನಡೆಯುವುದಿಲ್ಲ, ವಾಹನದಲ್ಲೇ ಹೋಗುತ್ತೀರಿ ಅಂದರೆ ಇರುವವರಿಗಿಂತ ಇಬ್ಬರಿಗೆ ಜಾಸ್ತಿ ಇರುವುದನ್ನು ತೆಗೆದುಕೊಳ್ಳಿ.

ಕೆಳಗೆ ಟಾರ್ಪಾಲ್ ಹಾಸುವುದಾದರೆ ಅದು ಟೆಂಟ್‌ನ ತಳಕ್ಕಿಂತ ಸ್ವಲ್ಪ ಚಿಕ್ಕದಾಗಿರಬೇಕು. ಅಂಚು ಹೊರಗೆ ಚಾಚಿಕೊಂಡಿದ್ದರೆ ಮಳೆ ನೀರನ್ನು ಅದೇ ಹಿಡಿದು ನಿಮ್ಮ ಬೆನ್ನಿನ ಕೆಳಗೆ ತಂದು ಬಿಡುತ್ತದೆ. ದೊಡ್ಡದಿದ್ದರೆ ಮಡಚಿ ಒಳಗೆ ಸೇರಿಸಿ. ಗೂಟದ ತಲೆ ಟೆಂಟ್‌ನಿಂದ ಆಚೆಗೆ ವಾಲಿರಲಿ. ಸಂಜೆ ಗಾಳಿ ಇಲ್ಲ ಅಂತ ಹಗ್ಗ ಕಟ್ಟದೆ ಬಿಡುವವರೇ ಜಾಸ್ತಿ. ಗಾಳಿ ಹೇಳಿ ಕೇಳಿ ಬರುವುದಿಲ್ಲ, ಎಲ್ಲ ಹಗ್ಗವನ್ನೂ ಆಗಲೇ ಬಿಗಿಯಾಗಿ ಕಟ್ಟಿಬಿಡಿ.

ಅಸಲಿ ವಿಷಯ: ಕೆಳಗಿನ ಹಾಸು

ಮೈಯ ಬಿಸಿಯನ್ನು ಗಾಳಿಗಿಂತ ಜೋರಾಗಿ ಎಳೆಯುವುದು ನೆಲ. ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ಸಿಕ್ಕಿಕೊಂಡ ಗಾಳಿಯಿಂದ, ನೀವು ಮೇಲೆ ಮಲಗಿದ ಕಡೆ ಆ ಗಾಳಿಯೆಲ್ಲ ಅಪ್ಪಚ್ಚಿ. ಅಂದರೆ ಬೆನ್ನಿನ ಭಾಗಕ್ಕೆ ಬ್ಯಾಗ್ ಇದ್ದೂ ಇಲ್ಲದ ಹಾಗೆ. ಅಲ್ಲಿ ಕೆಲಸ ಮಾಡುವುದು ಮ್ಯಾಟ್ ಮಾತ್ರ.

ಮ್ಯಾಟ್‌ನ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ಬಿಸಿ ಕೆಳಗೆ ಇಳಿದು ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು, ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಪರೀಕ್ಷಾ ವಿಧಾನ ಬಂತು, ಆ ಪ್ರಕಾರ ಅಳೆದ ಮ್ಯಾಟ್‌ಗಳನ್ನು ಈಗ ನಂಬಿಕೆಯಿಂದ ಹೋಲಿಸಬಹುದು. ಬೇಸಿಗೆಯ ರಾತ್ರಿಗೆ 1ರಿಂದ 2 ಸಾಕು. ತಂಪು ರಾತ್ರಿಗೆ 3, 4 ಬೇಕು. ನೆಲ ಹೆಪ್ಪುಗಟ್ಟುವ ಚಳಿಗೆ 5 ದಾಟಿದ್ದೇ ಬೇಕು.

ಖುಷಿಯ ವಿಷಯ ಏನೆಂದರೆ, ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಈ ಸಂಖ್ಯೆಗಳು ಕೂಡಿಕೊಳ್ಳುತ್ತವೆ. ಸುಮಾರು 2 ಇರುವ ಫೋಮ್ ಮ್ಯಾಟ್ ಕೆಳಗೆ, 3 ಇರುವ ಗಾಳಿ ಮ್ಯಾಟ್ ಮೇಲೆ ಹಾಕಿದರೆ ಒಟ್ಟು 5. ಹೊಸ ದುಬಾರಿ ಮ್ಯಾಟ್ ಕೊಳ್ಳುವುದಕ್ಕಿಂತ ಇದು ಜಾಣತನ, ಗಾಳಿ ಮ್ಯಾಟ್ ತೂತಾದರೂ ಕೆಳಗೆ ಒಂದು ಉಳಿದಿರುತ್ತದಲ್ವಾ. ಹಾಗೆಯೇ, ಮನೆಗೆ ಅತಿಥಿಗಳು ಬಂದಾಗ ಊದಿಸುವ ದಪ್ಪ ಏರ್‌ಬೆಡ್ ಮೆತ್ತಗೆ ಅನ್ನಿಸಿದರೂ ಚಳಿಗೆ ಅದರಷ್ಟು ಮೋಸ ಇನ್ನೊಂದಿಲ್ಲ. ಒಳಗೆ ಏನೂ ತುಂಬಿರುವುದಿಲ್ಲ, ಬರೀ ಗಾಳಿ, ಅದು ಸುತ್ತುತ್ತಾ ನಿಮ್ಮ ಬಿಸಿಯನ್ನು ನೆಲಕ್ಕೆ ಕೊಡುತ್ತಲೇ ಇರುತ್ತದೆ. ಅದನ್ನೇ ತರಬೇಕು ಅಂತಿದ್ದರೆ ಅದರ ಮೇಲೆ ಫೋಮ್ ಅಥವಾ ದಪ್ಪ ಕಂಬಳಿ ಹಾಸಿ.

ಗಾಳಿ ಮ್ಯಾಟನ್ನು ಕಲ್ಲಿನ ಹಾಗೆ ಬಿಗಿಯಾಗಿ ಊದಬೇಡಿ. ಮಗ್ಗುಲಾಗಿ ಮಲಗಿ, ಸೊಂಟ ನೆಲಕ್ಕೆ ತಾಗದಷ್ಟು ಗಾಳಿ ಉಳಿಸಿ ಮಿಕ್ಕಿದ್ದನ್ನು ಬಿಡಿ. ದಿಂಬಿಗೆ ಜಾಗ ಇದ್ದರೆ ಮನೆಯದ್ದೇ ತನ್ನಿ, ನಾಚಿಕೆ ಬೇಡ.

ಸ್ಲೀಪಿಂಗ್ ಬ್ಯಾಗ್‌ನ ಡಿಗ್ರಿ ಓದುವುದು ಹೇಗೆ

ಐಎಸ್‌ಒ 23537 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗ್‌ಗಳಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಬೇರೆ ಬೇರೆ ತಾಪಮಾನ ಕೊಟ್ಟಿರುತ್ತಾರೆ. ನೀವು ನೋಡಬೇಕಾದ್ದು ಕಂಫರ್ಟ್ ಒಂದೇ. ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ಕಳೆಯಬಹುದಾದ ರಾತ್ರಿ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಸಿಕೊಳ್ಳುವ ಮಾತು, ಅಲ್ಲಿ ನಿದ್ದೆ ಲೆಕ್ಕಕ್ಕೇ ಇಲ್ಲ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಯಾವ ಸಂಖ್ಯೆ ಅಂತ ಸರಿಯಾಗಿ ನೋಡಿ ಕೊಳ್ಳಿ. ಹೋಗುವ ಜಾಗದ ರಾತ್ರಿಯ ಕನಿಷ್ಠ ತಾಪಮಾನಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿನ ಕಂಫರ್ಟ್ ಇದ್ದರೆ ನಿಶ್ಚಿಂತೆ. ಬೆಟ್ಟಕ್ಕೆ ಹೋಗುವವರು ಪ್ರತಿ 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ ಇಟ್ಟುಕೊಳ್ಳಿ. ಕೆಳಗಿನ ಊರಿನ ಹವಾಮಾನ ವರದಿ ನೋಡಿ ಹೊರಟರೆ ಮೇಲೆ ನಡುಗಬೇಕಾಗುತ್ತದೆ.

ತೇವ ಕೂಡ ಶತ್ರುವೇ

ರಾತ್ರಿಯೆಲ್ಲ ನೀವು ಬಿಡುವ ಉಸಿರಿನಲ್ಲಿ ನೀರಿನಂಶ ಇದೆ. ಚಳಿ ಅಂತ ಟೆಂಟ್‌ನ ಎಲ್ಲ ಕಿಟಕಿ ಮುಚ್ಚಿದರೆ ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ಬೆಳಗಿನ ಜಾವ ಮುಖದ ಮೇಲೇ ತೊಟ್ಟಿಕ್ಕುತ್ತದೆ. ಟೆಂಟ್ ಸೋರುತ್ತಿದೆ ಅಂತ ಬೈಯುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಇದೇ. ಮೇಲಿನ ಗಾಳಿ ಕಿಂಡಿ ತೆರೆದೇ ಇರಲಿ. ಬ್ಯಾಗ್‌ನೊಳಗೆ ತಲೆ ತೂರಿಸಿ ಉಸಿರಾಡಬೇಡಿ, ಮೂಗು ಬಾಯಿ ಹೊರಗಿರಲಿ, ತಲೆಗೆ ಟೋಪಿ ಹಾಕಿ.

ಹಗಲು ನಡೆದಾಡಿದ ಬಟ್ಟೆಯಲ್ಲಿ ಬೆವರು ಇರುತ್ತದೆ, ಅದು ಒಣಗಿದಂತೆ ಕಂಡರೂ ಪೂರ್ತಿ ಒಣಗಿರುವುದಿಲ್ಲ. ಮಲಗುವುದಕ್ಕೆಂದೇ ಒಂದು ಜೊತೆ ಬಟ್ಟೆ, ಒಂದು ಜೊತೆ ಉಣ್ಣೆ ಸಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಡಿ. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟಬೇಡಿ.

ಮಲಗುವ ಮುಂಚೆ ಅರ್ಧ ಗಂಟೆ

ಬ್ಯಾಗ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ನೀವು ಕೊಟ್ಟ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಚಳಿಯಲ್ಲಿ ನಡುಗುತ್ತಾ ಒಳಗೆ ಹೋದರೆ ತುಂಬಾ ಹೊತ್ತು ನಡುಗುತ್ತಲೇ ಇರುತ್ತೀರಿ. ಅದಕ್ಕೇ ಮೊದಲು ಹತ್ತು ನಿಮಿಷ ಚುರುಕಾಗಿ ನಡೆಯಿರಿ, ಬೆವರು ಬರುವಷ್ಟು ಬೇಡ. ಹೊಟ್ಟೆಗೆ ಏನಾದರೂ ತಿನ್ನಿ, ಜೀರ್ಣವಾಗುವಾಗ ಮೈ ಬಿಸಿಯಾಗುತ್ತದೆ. ಮದ್ಯ ಕುಡಿದರೆ ಬೆಚ್ಚಗೆ ಅನ್ನಿಸುವುದು ಬರೀ ಭ್ರಮೆ, ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ.

ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿ ನೀರು ತುಂಬಿ, ತಲೆಕೆಳಗು ಮಾಡಿ ಸೋರುವುದಿಲ್ಲ ಅಂತ ನೋಡಿ, ಸಾಕ್ಸ್‌ನೊಳಗೆ ತೂರಿಸಿ ಬ್ಯಾಗ್‌ನಲ್ಲಿಡಿ. ಫ್ಲಾಸ್ಕ್ ಬೇಡ, ಅದು ಬಿಸಿಯನ್ನು ತನ್ನೊಳಗೇ ಇಟ್ಟುಕೊಂಡುಬಿಡುತ್ತದೆ. ಪಾದದ ಹತ್ತಿರ ಇಟ್ಟರೆ ಹಿತ, ತೊಡೆಗಳ ನಡುವೆ ಇಟ್ಟರೆ ಇಡೀ ಮೈಗೆ ಬೇಗ ಬಿಸಿ ಹರಡುತ್ತದೆ. ಮೂತ್ರಕ್ಕೆ ಹೋಗಿಯೇ ಮಲಗಿ. ರಾತ್ರಿ ಮತ್ತೆ ಎಚ್ಚರವಾದರೆ ಸೋಮಾರಿತನ ಮಾಡದೆ ಎದ್ದು ಹೋಗಿಬನ್ನಿ, ತಡೆದುಕೊಂಡು ಹೊರಳಾಡುವುದಕ್ಕಿಂತ ಎರಡು ನಿಮಿಷದ ಚಳಿಯೇ ವಾಸಿ. ಫೋನ್ ಕೂಡ ಬ್ಯಾಗ್‌ನೊಳಗೇ ಇರಲಿ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಟೆಂಟ್‌ನೊಳಗೆ ಸ್ಟವ್, ಇದ್ದಿಲು, ಗ್ಯಾಸ್ ಹೀಟರ್ ಹಚ್ಚಲೇಬೇಡಿ. ಹೊರಗೆ ಆರಿದಂತೆ ಕಾಣುವ ಕೆಂಡವನ್ನೂ ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟಿದ್ದೇವಲ್ಲ ಅನ್ನುವುದು ಸಮಾಧಾನವೇ ಅಲ್ಲ.

ಇನ್ನು ಚಿಕ್ಕಪುಟ್ಟ ಸುಖಗಳು

ಕೂರಲು ಬೆನ್ನು ಒರಗುವ ಕುರ್ಚಿ ಇದ್ದರೆ ಸಂಜೆಯೇ ಬೇರೆ. ಹೆಡ್‌ಲ್ಯಾಂಪ್‌ನ ಬೆಳಕನ್ನು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನ್‌ಗೆ ಒಳಮುಖವಾಗಿ ಕಟ್ಟಿದರೆ ಟೆಂಟ್ ತುಂಬಾ ಮೆತ್ತನೆಯ ಬೆಳಕು, ಬೇರೆ ದೀಪವೇ ಬೇಡ. ಇಯರ್‌ಪ್ಲಗ್ ಮರೆಯಬೇಡಿ, ಕಾಡಿನ ಸದ್ದಿಗಿಂತ ಪಕ್ಕದವರ ಗೊರಕೆಗೆ ಅದು ಬೇಕು. ಸೊಳ್ಳೆಗೆ ಡೀಟ್ ಅನ್ನುವ ರಾಸಾಯನಿಕ ಇರುವ ಕ್ರೀಮ್ ಹಚ್ಚಿದರೆ ಕೈ ಒರೆಸಿಕೊಂಡು ಕನ್ನಡಕ, ವಾಚ್ ಮುಟ್ಟಿ, ಅದು ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತದೆ. ಶೂಗಳನ್ನು ಟೆಂಟ್‌ನೊಳಗೇ ಇಟ್ಟುಕೊಳ್ಳಿ, ಬೆಳಿಗ್ಗೆ ಹಾಕುವ ಮುಂಚೆ ಕೊಡವಿ.

ವಾಪಸ್ ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ಟೆಂಟನ್ನು ಬಿಚ್ಚಿ ಹರಡಿ, ಪೂರ್ತಿ ಒಣಗಿಸಿ ಮಡಚಿ. ಒದ್ದೆಯಲ್ಲಿ ಸುತ್ತಿಟ್ಟರೆ ಬೂಸಲು ಹಿಡಿದು ಆ ವಾಸನೆ ಹೋಗುವುದೇ ಇಲ್ಲ. ಸ್ಲೀಪಿಂಗ್ ಬ್ಯಾಗನ್ನು ಅದರ ಪುಟ್ಟ ಚೀಲದಲ್ಲಿ ತಿಂಗಳುಗಟ್ಟಲೆ ತುರುಕಿಡಬೇಡಿ, ಒಳಗಿನ ತುಪ್ಪಳ ಒತ್ತಿಹೋಗಿ ಮತ್ತೆ ಉಬ್ಬುವುದಿಲ್ಲ. ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ಹಾಕಿ, ಅಥವಾ ಬೀರುವಿನಲ್ಲಿ ನೇತುಹಾಕಿ.